ಬಲಗೈಯಿಂದ ಕೊಟ್ಟ ಕಾಫಿ

ನಮ್ಮ ಊರಿನ ಮಾನವ ಹಕ್ಕುಗಳ ಆಯೋಗಕ್ಕೆ ಯಾವ ಅಧಿಕಾರವೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೆಸರು ಕೇಳಿದವರೆಲ್ಲ ನಾನೇನೋ ದೊಡ್ಡ ನ್ಯಾಯಾಧೀಶೆ ಅಂದುಕೊಳ್ಳುತ್ತಾರೆ. ನಾವು ಏಳು ಜನ, ಸಂಬಳವಿಲ್ಲದವರು. ತಿಂಗಳಿಗೊಂದು ಗುರುವಾರ ಸಂಜೆ ಸಿಟಿ ಹಾಲಿನಲ್ಲಿ ಕೂರುತ್ತೇವೆ. ಎದುರಿಗೆ ಹೆಸರಿನ ಫಲಕ, ಮೈಕು, ನೀರಿನ ಬಾಟಲಿ. ದೂರು ಹೇಳಲು ಬಂದವರಿಗೆ ತಲಾ ಮೂರು ನಿಮಿಷ. ಅವರು ನಿಲ್ಲುವ ಕಡೆ ಒಂದು ಪುಟ್ಟ ದೀಪದ ಡಬ್ಬಿ ಇದೆ. ಹಸಿರು ಹೋಗಿ ಹಳದಿ, ಹಳದಿ ಹೋಗಿ ಕೆಂಪು. ಕೆಂಪಾದ ಮೇಲೆ ಅಳುತ್ತಿದ್ದರೂ ಮೈಕು ಬಂದ್. ನಾವು ಧನ್ಯವಾದ ಹೇಳುತ್ತೇವೆ, ನಗರಸಭೆಗೆ ಸಲಹೆಯ ಪತ್ರ ಬರೆಯುತ್ತೇವೆ, ಅವರು ಅದನ್ನು ಫೈಲಿಗೆ ಸೇರಿಸುತ್ತಾರೆ.

ನಾನು ಇಲ್ಲಿಗೆ ಬಂದು ಸೇರಿದ್ದು ನನ್ನ ಬಾಯಿಯ ದೆಸೆಯಿಂದ. ಅಮೆರಿಕಕ್ಕೆ ಬಂದು ಮೌಂಟನ್ ವ್ಯೂ ಎನ್ನುವ ಊರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಇಡೀ ಜೀವಮಾನ ಬೇರೆಯವರ ರಕ್ತ ಪರೀಕ್ಷೆ ಮಾಡಿ ನಿವೃತ್ತಳಾದ ಮೇಲೆ ಮನೆಯಲ್ಲಿ ಕೂತು ತಲೆ ಕೆಟ್ಟುಹೋಗಿತ್ತು. ಲೈಬ್ರರಿ ಎದುರು ರಸ್ತೆ ದಾಟಲು ಪಟ್ಟೆ ಬಳಿಸಿ ಎಂದು ನಗರಸಭೆಗೆ ಹೋಗಿ ಹೋಗಿ ಜಗಳವಾಡಿದೆ. ಪಟ್ಟೆ ಬಳಿದರು. ಜೊತೆಗೆ, ಇಷ್ಟು ಮಾತಾಡುವವಳು ಹೊರಗಿರುವುದಕ್ಕಿಂತ ಒಳಗಿರುವುದು ಕ್ಷೇಮ ಎಂದುಕೊಂಡರೋ ಏನೋ, ಆಯೋಗಕ್ಕೆ ಅರ್ಜಿ ಹಾಕಿ ಎಂದರು. ಒಂದು ಇಂಡಿಯನ್ ಮುಖವೂ ಅವರಿಗೆ ಬೇಕಿತ್ತು. ಜನರಿಗೂ ಪೊಲೀಸರಿಗೂ ನಡುವಿನ ಸಂಬಂಧ ಎನ್ನುವ ವಿಷಯವನ್ನು ಯಾರೂ ಮುಟ್ಟಲು ತಯಾರಿರಲಿಲ್ಲ, ಅದನ್ನು ನನ್ನ ತಲೆಗೆ ಕಟ್ಟಿದರು.

ಒಂದು ವರ್ಷ ನೋಡಿದೆ. ಸಿಟಿ ಹಾಲಿಗೆ ನಮ್ಮವರು ಯಾರೂ ಬರುತ್ತಿರಲಿಲ್ಲ. ಬಂದರೂ ಹಿಂದಿನ ಸಾಲಿನಲ್ಲಿ ಗುಮ್ಮನೆ ಕೂತು, ಪೊಲೀಸರ ಸೊಂಟದ ಪಿಸ್ತೂಲು ನೋಡಿಕೊಂಡು ಎದ್ದುಹೋಗುತ್ತಿದ್ದರು. ಆಗ ನನಗೆ ಒಂದು ಉಪಾಯ ಹೊಳೆಯಿತು. ಜನ ಪೊಲೀಸರ ಹತ್ತಿರ ಬರುವುದು ಬೇಡ, ಪೊಲೀಸರೇ ಜನರ ಮನೆಗೆ ಹೋಗಲಿ. ದೂರು ಕೊಟ್ಟವರ ಮನೆಯ ಸೋಫಾದ ಮೇಲೆ ಪೊಲೀಸ್ ಇಲಾಖೆಯ ಒಬ್ಬ ಕ್ಯಾಪ್ಟನ್ನು, ಆಯೋಗದ ಒಬ್ಬರು, ಸಿಟಿಯ ಒಬ್ಬ ಸಿಬ್ಬಂದಿ ಕೂತು, ಒಂದು ಲೋಟ ಕಾಫಿ ಕುಡಿದು ಮಾತಾಡಲಿ. ಮನೆಗೆ ಬಂದು ಕಾಫಿ ಕುಡಿದವರು ಆಮೇಲೆ ಕೈ ಎತ್ತುವುದು ಕಷ್ಟ. ಇದು ನನ್ನ ಮೈಸೂರಿನ ಬುದ್ಧಿ. ಎಲ್ಲರೂ ಹೊಗಳಿದರು, ಸಿಟಿಯ ಪತ್ರಿಕೆಯಲ್ಲಿ ನನ್ನ ಫೋಟೋ ಬಂತು, ಅದನ್ನು ತಂಗಿಗೆ ವಾಟ್ಸಾಪಿನಲ್ಲಿ ಕಳಿಸಿ ನಾನೂ ಉಬ್ಬಿದೆ.

ಆ ವಸಂತದಲ್ಲಿ ಒಂದು ಬೆಳಗ್ಗೆ ಫೋನು ಬಂತು. ಸನ್ನಿವೇಲ್‌ನ ದೇವಸ್ಥಾನದಲ್ಲಿ ಪರಿಚಯವಾಗಿದ್ದ ಹುಬ್ಬಳ್ಳಿಯ ಹುಡುಗಿ, ನಮ್ಮ ಊರಿನಲ್ಲೇ ಅಪಾರ್ಟ್‌ಮೆಂಟಿನಲ್ಲಿರುವವಳು. ಗಂಡ ಹೆಂಡತಿ ಇಬ್ಬರೂ ಇಂಜಿನಿಯರುಗಳು, ಎರಡು ವರ್ಷದ ಮಗಳು. ಅವಳ ತಂದೆ ಆರು ತಿಂಗಳಿಗೆಂದು ಬಂದಿದ್ದರು, ಮೊಮ್ಮಗಳನ್ನು ಡೇಕೇರಿಗೆ ಬಿಟ್ಟು ಕರೆತರುವುದು ಅವರ ಕೆಲಸ. "ಆಂಟಿ, ನಮ್ಮಪ್ಪನ್ನ ಪೊಲೀಸ್ರು ನೆಲಕ್ಕ ಕೆಡವಿ ಬೇಡಿ ಹಾಕಿದ್ರು ಆಂಟಿ" ಎಂದಳು. ಅಷ್ಟು ಹೇಳಿ ಅಳತೊಡಗಿದಳು.

ಆಗಿದ್ದು ಇಷ್ಟು. ಅವರು ದಿನಾ ಬೆಳಗ್ಗೆ ಆರೂವರೆಗೆ ವಾಕಿಂಗು ಹೋಗುತ್ತಿದ್ದರು. ತಲೆಗೆ ಮಂಕಿ ಕ್ಯಾಪು, ಮೈಗೆ ಶಾಲು, ಕೈಯಲ್ಲಿ ಗ್ರೋಸರಿಯ ಪ್ಲಾಸ್ಟಿಕ್ ಚೀಲ. ಬೇಲಿಯಿಂದ ಫುಟ್‌ಪಾತಿಗೆ ಬಾಗಿದ ದಾಸವಾಳ, ಕಣಗಿಲೆ, ಯಾರದೋ ಮನೆ ಮುಂದಿನ ಗುಲಾಬಿ, ಒಂದೊಂದು ಗಿಡದಿಂದ ಎರಡೆರಡೇ ಹೂವು ಪೂಜೆಗೆ. ನಮ್ಮ ಕಡೆ ಬೆಳಗ್ಗೆ ಬೇರೆಯವರ ಗಿಡದಿಂದ ದೇವರಿಗೆ ಹೂವು ಕಿತ್ತರೆ ಯಾರೂ ಕಳ್ಳತನ ಎನ್ನುವುದಿಲ್ಲ, ಬೈದರೂ ಅದು ನಿತ್ಯದ ಬೈಗುಳ. ಇಲ್ಲಿ ಯಾರೋ ಕಿಟಕಿಯಿಂದ ನೋಡಿ, ಮುಖವಾಡ ಹಾಕಿಕೊಂಡ ಒಬ್ಬ ಮನೆಯಿಂದ ಮನೆಗೆ ಅಂಗಳದಲ್ಲಿ ಸುಳಿದಾಡುತ್ತಿದ್ದಾನೆ ಎಂದು ಪೊಲೀಸರಿಗೆ ಫೋನು ಮಾಡಿದರು. ಮಂಕಿ ಕ್ಯಾಪು ಅವರಿಗೆ ಮುಖವಾಡ.

ಮರುದಿನ ಅವರ ಮನೆಗೆ ಹೋದೆ. ಹುಡುಗಿಯ ಅಪ್ಪ ಎತ್ತರದ, ಒಣಗಿದ ಮೈಯ ಮನುಷ್ಯ, ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಬಲಗೈ ಜೋಳಿಗೆಯಂಥ ಪಟ್ಟಿಯಲ್ಲಿ ನೇತಾಡುತ್ತಿತ್ತು. ಭುಜದೊಳಗಿನ ಸ್ನಾಯು ಹರಿದಿದೆ, ಆ ಕೈ ಮೇಲೆತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಮೊಮ್ಮಗಳು ಎತ್ತಿಕೋ ಎಂದು ಎರಡೂ ಕೈ ಚಾಚಿದರೆ ಅವರು ಮುಖ ತಿರುಗಿಸಿ ಟಿವಿ ಕಡೆ ನೋಡುತ್ತಿದ್ದರು.

ಅವರಿಗೆ ಸಿಟ್ಟು ಬಂದಿದ್ದು ಕೈ ಹೋಗಿದ್ದಕ್ಕಲ್ಲ. ಮಗಳು ಪೊಲೀಸ್ ವರದಿಯ ಪ್ರತಿ ತರಿಸಿದ್ದಳು. ಅದರಲ್ಲಿ, ಈ ವ್ಯಕ್ತಿ ಚೀಲವನ್ನು ಶಾಲಿನೊಳಗೆ ಬಚ್ಚಿಡಲು ನೋಡಿದ, ಹಿಡಿಯಲು ಹೋದಾಗ ಪ್ರತಿರೋಧ ತೋರಿದ ಎಂದು ಬರೆದಿತ್ತು. ಯಾವ ಮೊಕದ್ದಮೆಯೂ ಇಲ್ಲ, ಮುಕ್ಕಾಲು ಗಂಟೆಯಲ್ಲಿ ಬಿಟ್ಟು ಕಳಿಸಿದ್ದರು. ಆದರೆ ಆ ಸಾಲು ಕಾಗದದ ಮೇಲೆ ಇತ್ತು.

"ಕೈ ಹ್ವಾದ್ರ ಹೋಗ್ಲಿ ಬಿಡ್ರಿ ಅಕ್ಕಾರ" ಎಂದರು. "ಮೂವತ್ತೆರಡ ವರ್ಷ ಬಸ್ ಹೊಡದೀನ್ರಿ. ನನ್ನ ಮ್ಯಾಲ ಒಂದ್ ಕೇಸ್ ಇಲ್ಲ. ಪೊಲೀಸ್ರ ಜೋಡಿ ನಾ ಜಗ್ಯಾಡಿದೆ ಅಂತ ಬರದಾರಲ್ಲ, ಆ ಸಾಲ್ ಅಳಿಸಿ ಹಾಕಸ್ರಿ. ನಾ ಊರಿಗೆ ಹೋಗೂದ್ರೊಳಗ ಅಷ್ಟ ಮಾಡ್ರಿ, ಸಾಕು."

"ಅದೆಲ್ಲ ಬೇಡ ಆಂಟಿ" ಎಂದ ಅಳಿಯ, ಬೆಂಗಳೂರಿನವನು, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ. "ನಮ್ದು ಗ್ರೀನ್ ಕಾರ್ಡು ಇನ್ನೂ ಪೆಂಡಿಂಗ್ ಇದೆ. ಕಂಪ್ಲೇಂಟು ಗಿಂಪ್ಲೇಂಟು ಅಂತ ಹೋದ್ರೆ ಸುಮ್ನೆ ಪ್ರಾಬ್ಲಮ್ಮು. ಮಾವ ಹೆಂಗೂ ಆಗಸ್ಟಲ್ಲಿ ವಾಪಸ್ ಹೋಗ್ತಾರೆ."

ನನಗೆ ರೇಗಿತು. "ನಿನ್ನ ಮಾವನ ಕೈ ಮುರಿದಿದಾರಪ್ಪ, ನಿನಗೆ ಕಾರ್ಡಿನ ಚಿಂತೆ" ಎಂದೆ. ಅವನು ಲ್ಯಾಪ್‌ಟಾಪು ಮುಚ್ಚಿ ಒಳಗೆ ಹೋದ. ಆಗ ನಾನು ಗೆದ್ದೆ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಆ ಮನೆಯಲ್ಲಿ ಅವತ್ತು ಕಣ್ಣು ತೆರೆದು ಮಾತಾಡಿದವನು ಅವನೊಬ್ಬನೇ. ಉಳಿದವರಿಗೆ ಧೈರ್ಯ ತುಂಬಿ ಮುಂದಕ್ಕೆ ನೂಕಿದ್ದು ನಾನು.

ದೂರು ಕೊಟ್ಟ ಮೇಲೆ ಪೊಲೀಸ್ ಇಲಾಖೆಯೇ ತನ್ನವರ ಮೇಲೆ ವಿಚಾರಣೆ ಮಾಡುತ್ತದೆ. ಆಯೋಗದವರಿಗೆ ಒಮ್ಮೆ ವಿಡಿಯೋ ತೋರಿಸುತ್ತಾರೆ. ಪೊಲೀಸನ ಎದೆಯ ಮೇಲಿನ ಕ್ಯಾಮೆರಾ ಹಿಡಿದ ಆ ವಿಡಿಯೋವನ್ನು ನಾನು ನೋಡಿದೆ. ತೆಳುವಾದ ಬೆಳಕು, ಖಾಲಿ ರಸ್ತೆ, ಬೇಲಿ ಪಕ್ಕ ನಿಂತ ಮುದುಕ. ಬಲಗೈ ಗಿಡದ ಮೇಲೆ, ಎಡಗೈಯಲ್ಲಿ ಚೀಲ. ಪೊಲೀಸ್ ಹುಡುಗನಿಗೆ ಇಪ್ಪತ್ತೈದು ದಾಟಿರಲಾರದು, ದನಿಯಲ್ಲಿ ಹೆದರಿಕೆ ಇತ್ತು. ಚೀಲದಲ್ಲಿ ಏನಿದೆ, ಕೈ ತೋರಿಸು ಎಂದು ಕೂಗಿ ತನ್ನ ಕೈ ಮುಂದೆ ಚಾಚಿದ. ಇವರು ನಕ್ಕರು. ಚೀಲವನ್ನು ಶಾಲಿನ ಕೆಳಗಿಂದ ಎಡಗೈಯಿಂದ ಬಲಗೈಗೆ ದಾಟಿಸಿಕೊಂಡು, ಬಲಗೈಯನ್ನು ಸರ್ರನೆ ಮುಂದೆ ನೀಡಿದರು. ಆಮೇಲೆ ಕ್ಯಾಮೆರಾ ಅಲ್ಲಾಡಿತು, ಕಾಂಕ್ರೀಟು ಕಂಡಿತು, ಕೆಂಪು ದಾಸವಾಳಗಳು ಕಂಡವು. "ಯವ್ವಾ" ಎನ್ನುವ ಒಂದು ದನಿ ಕೇಳಿತು.

"ಯಾಕೆ ಕೈ ಬದಲಾಯಿಸಿದಿರಿ?" ಎಂದು ಅವರನ್ನು ಕೇಳಿದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಅಂವ ಕೈ ಮುಂದ ಮಾಡಿದಾ, ಕೊಡು ಅಂದಾ. ದೇವರ ಹೂ ಎಡಗೈಲೆ ಹ್ಯಾಂಗ ಕೊಡೂದ್ರಿ?" ಎಂದರು.

ಇದನ್ನು ಕೇಳಿ ನಾನು ಖುಷಿಪಟ್ಟೆ. ಹೌದು, ಖುಷಿ. ಕೇಸು ಕೈಗೆ ಸಿಕ್ಕಿತು ಎನ್ನುವ ಖುಷಿ. ಬಚ್ಚಿಟ್ಟದ್ದಲ್ಲ, ಮರ್ಯಾದೆಯಿಂದ ಕೊಡಲು ಹೋದದ್ದು. ಇಷ್ಟನ್ನು ಕ್ಯಾಪ್ಟನ್ನಿಗೆ ಅವರ ಬಾಯಿಂದಲೇ, ಅವರ ಮನೆಯಲ್ಲೇ ಕೇಳಿಸಿದರೆ ಮುಗಿಯಿತು. ನನ್ನ ಕಾಫಿಯ ಭೇಟಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ ಎಂದು ಶನಿವಾರ ಮಧ್ಯಾಹ್ನಕ್ಕೆ ಗೊತ್ತುಮಾಡಿದೆ.

ಆ ಮನೆಯಲ್ಲಿ ಚಹಾ ಕುಡಿಯುವವರು. ಕಾಫಿಯೇ ಆಗಬೇಕೆಂದು ಹಟ ಹಿಡಿದವಳು ನಾನು. ನನ್ನ ಮನೆಯಿಂದಲೇ ಡಿಕಾಕ್ಷನ್ ಇಳಿಸಿಕೊಂಡು ಬಾಟಲಿಯಲ್ಲಿ ಒಯ್ದೆ, ಸ್ಟೀಲ್ ಲೋಟಗಳನ್ನೂ ಒಯ್ದೆ. ಹೋಗುವ ಹೊತ್ತಿಗೆ ಮನೆ ಒರೆಸಿ ಊದುಬತ್ತಿ ಹಚ್ಚಿದ್ದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದರು. ಕೈಯ ಪಟ್ಟಿ ಮಾತ್ರ ಊಟದ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು.

"ಅದನ್ನ ಹಾಕ್ಕೊಳ್ಳಿ" ಎಂದೆ.

"ಬ್ಯಾಡ್ರಿ. ಮನಿಗೆ ಮಂದಿ ಬರೂ ಮುಂದ ರೋಗಿಷ್ಟನ ಗತೆ ಕುಂದ್ರೂದು ಛಲೋ ಕಾಣೂದಿಲ್ಲ" ಎಂದರು. ನನಗೂ ಹೌದೆನ್ನಿಸಿತು. ನಮ್ಮಪ್ಪನೂ ಹಾಗೆಯೇ, ಜ್ವರದಲ್ಲಿ ಮಲಗಿದ್ದರೂ ನೆಂಟರು ಬಂದರೆ ಎದ್ದು ಅಂಗಿ ತೊಡುತ್ತಿದ್ದರು. ಒತ್ತಾಯ ಮಾಡಲಿಲ್ಲ.

ಸಿಟಿ ಸಿಬ್ಬಂದಿಯ ಹುಡುಗಿಯೊಬ್ಬಳ ಜೊತೆ ಕ್ಯಾಪ್ಟನ್ನು ಬಂದ. ಸಜ್ಜನ. ಹೇಳದೆಯೇ ಬಾಗಿಲಲ್ಲಿ ಬೂಟು ಬಿಚ್ಚಿದ, ಮಗುವಿಗೆ ಪೊಲೀಸ್ ಬ್ಯಾಡ್ಜಿನ ಸ್ಟಿಕರು ಕೊಟ್ಟ. ಅಪ್ಪ ಎದ್ದು ನಿಂತೇ ಇದ್ದರು, ಪೊಲೀಸ್ ಯೂನಿಫಾರ್ಮು ಕಂಡರೆ ಏಳುವ ಸರ್ಕಾರಿ ಡ್ರೈವರಿನ ಅಭ್ಯಾಸ. ಮಗಳು ತಟ್ಟೆಯಲ್ಲಿ ಕಾಫಿ ಇಟ್ಟುಕೊಂಡು ಅಡುಗೆಮನೆಯಿಂದ ಬಂದಳು. ಅಪ್ಪ ಅವಳನ್ನು ತಡೆದರು. ಮನೆಗೆ ಬಂದ ಸಾಹೇಬನಿಗೆ ಮನೆಯ ಹಿರಿಯನೇ ಕೊಡಬೇಕು. ತಟ್ಟೆಯಿಂದ ಲೋಟ ತೆಗೆದು, ಬಲಗೈಯಿಂದ, ಎಡಗೈಯನ್ನು ಬಲ ಮೊಣಕೈಗೆ ತಾಗಿಸಿ, ಬಾಗಿ ಕ್ಯಾಪ್ಟನ್ನಿಗೆ ಕೊಟ್ಟರು. ಆಮೇಲೆ ಸಿಟಿಯ ಹುಡುಗಿಗೆ. ಆಮೇಲೆ ನನಗೆ.

ನನಗೆ ಕೊಡುವಾಗ ಲೋಟ ನಡುಗುತ್ತಿತ್ತು. ಹಣೆಯ ಮೇಲೆ ಬೆವರು ಸಾಲಾಗಿ ನಿಂತಿತ್ತು. ಆ ಎಡಗೈ ಮರ್ಯಾದೆಗೆ ಮಾತ್ರ ಅಲ್ಲಿರಲಿಲ್ಲ, ಬಲಗೈಯನ್ನು ಕೆಳಗಿಂದ ಎತ್ತಿ ಹಿಡಿದಿತ್ತು. ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ನೋವಿನ ಮುಖಗಳನ್ನೇ ನೋಡಿದವಳು ನಾನು. ನೋಡಿದೆ, ಗೊತ್ತಾಯಿತು, ಲೋಟ ತೆಗೆದುಕೊಂಡೆ. ಆಗ ನನಗೆ ಬಂದ ಭಾವನೆ ಹೆಮ್ಮೆ, ನೋಡಿ ನಮ್ಮವರು ಎಂಥವರು ಎಂದು. ಕ್ಯಾಪ್ಟನ್ನು ನೋವಿದೆಯೇ ಎಂದು ಕೇಳಿದ. ಅಪ್ಪ ನಕ್ಕು, "ಏನಿಲ್ರಿ, ಆರಾಮ ಅದೀನಿ, ಕಾಫಿ ಕುಡೀರಿ" ಎಂದರು. ನಾನು ಅದನ್ನು ಇದ್ದಹಾಗೆ ಇಂಗ್ಲಿಷಿಗೆ ತಿರುಗಿಸಿದೆ. ಹೂವಿನ ಮಾತನ್ನೂ ಹೇಳಿದರು, ಕ್ಯಾಪ್ಟನ್ನು ತಲೆ ಅಲ್ಲಾಡಿಸುತ್ತ ಕೇಳಿಸಿಕೊಂಡ, ಬರೆದುಕೊಂಡ. ಹೋಗುವಾಗ ಕೈ ಚಾಚಿದ. ಅಪ್ಪ ಕೈಯನ್ನೂ ಕುಲುಕಿದರು.

ಅವನು ಹೋದ ಮೇಲೆ ಅವರು ಸೋಫಾದಲ್ಲಿ ಕುಸಿದು ಕೂತರು. ಮಗಳು ಐಸಿನ ಚೀಲ ತಂದು ಭುಜಕ್ಕೆ ಒತ್ತಿದಳು. ನಾನು ಲೋಟ ತೊಳೆದುಕೊಂಡು ಮನೆಗೆ ಬಂದೆ.

ಜೂನಿನ ಗುರುವಾರ ವಿಚಾರಣೆಯ ಸಾರಾಂಶ ಆಯೋಗದ ಮುಂದೆ ಬಂತು. ಅಪ್ಪ, ಮಗಳು ಮುಂದಿನ ಸಾಲಿನಲ್ಲಿ ಕೂತಿದ್ದರು. ಮೊದಲು ಅವರ ಮೂರು ನಿಮಿಷ. ಅಪ್ಪ ಕನ್ನಡದಲ್ಲಿ ಹೇಳುತ್ತ ಹೋದರು, ಮಗಳು ಇಂಗ್ಲಿಷಿಗೆ ತಿರುಗಿಸುತ್ತ ಹೋದಳು, ಹಾಗಾಗಿ ಅವರಿಗೆ ಸಿಕ್ಕಿದ್ದು ಒಂದೂವರೆ ನಿಮಿಷ. ಮೂವತ್ತೆರಡು ವರ್ಷದ ಬಸ್ಸಿನ ಮಾತು ಬಂತು, ಹೂವಿನ ಮಾತಿಗೆ ಬಂದರು, ಅಷ್ಟರಲ್ಲಿ ದೀಪ ಕೆಂಪಾಯಿತು. ಬೇರೆಯವರು ಕೆಂಪು ಬಿದ್ದ ಮೇಲೂ ಮಾತು ಎಳೆಯುತ್ತಾರೆ, ಕೂಗುತ್ತಾರೆ. ಇವರು ವಾಕ್ಯದ ಮಧ್ಯದಲ್ಲೇ ತಟ್ಟನೆ ನಿಂತರು. ಮುಂದೆ ಹೇಳಪ್ಪ ಎಂದು ಮಗಳು ಪಿಸುಗುಟ್ಟಿದರೆ, "ಕೆಂಪ ಬಿತ್ತಲ್ಲವ್ವಾ" ಎಂದು ಹೋಗಿ ಕೂತರು.

ಆಮೇಲೆ ಇಲಾಖೆಯ ಅಧಿಕಾರಿ ಸಾರಾಂಶ ಓದಿದಳು. ವಿಡಿಯೋದಲ್ಲಿ ಚೀಲ ಬಟ್ಟೆಯೊಳಗೆ ಹೋದದ್ದು ಸ್ಪಷ್ಟವಿದೆ. ಗಾಯದ ಬಗ್ಗೆ: ಮನೆಯ ಭೇಟಿಯಲ್ಲಿ ದೂರುದಾರರು ಕೈಗೆ ಯಾವ ಆಧಾರವನ್ನೂ ಕಟ್ಟಿಕೊಂಡಿರಲಿಲ್ಲ, ಮೂವರಿಗೆ ಬಲಗೈಯಿಂದಲೇ ಕಾಫಿ ಕೊಟ್ಟರು, ಕೈ ಕುಲುಕಿದರು, ನೋವಿಲ್ಲ ಎಂದು ಸ್ವತಃ ಹೇಳಿದರು, ಲವಲವಿಕೆಯಿಂದ ಇದ್ದರು. ಆದ್ದರಿಂದ ಅವರ ಹೇಳಿಕೆಯನ್ನು ಪೂರ್ತಿ ನಂಬಲಾಗದು.

ಕ್ಯಾಪ್ಟನ್ನು ಒಂದೂ ಸುಳ್ಳು ಬರೆದಿರಲಿಲ್ಲ. ಸೋಫಾದ ಮೇಲೆ ಕೂತು ಕಾಫಿ ಕುಡಿದವನು ಪೊಲೀಸನಾಗಿಯೇ ಕುಡಿದಿದ್ದ, ಅಷ್ಟೇ. ನಾನು ಮಾತ್ರ ಅವನನ್ನು ನೆಂಟನೆಂದುಕೊಂಡಿದ್ದೆ.

ಆಯೋಗದ ಅಧ್ಯಕ್ಷೆ ನನ್ನ ಕಡೆ ತಿರುಗಿದಳು. "ನೀವು ಅಲ್ಲಿದ್ದಿರಿ. ಇದು ನಿಜವೇ?" ನಾನು ವಿವರಿಸಲು ಬಾಯಿ ತೆರೆದೆ. ಪಕ್ಕದಲ್ಲಿದ್ದ ಸಿಟಿಯ ವಕೀಲ ಬಾಗಿ, ನೀವು ಈ ಭೇಟಿಯ ಸಾಕ್ಷಿ, ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿ, ಉಳಿದದ್ದನ್ನು ಬರೆದು ಕೊಡಿ ಎಂದ. ಲೈಬ್ರರಿ ಪಟ್ಟೆಗೆ ಇಡೀ ನಗರಸಭೆಯನ್ನು ಬೈದಿದ್ದವಳು, ಅವತ್ತು ನನ್ನ ಹೆಸರಿನ ಫಲಕ ನೋಡಿಕೊಂಡು ಮೈಕಿನ ಕಡೆ ಬಾಗಿದೆ.

"ಯೆಸ್" ಎಂದೆ.

ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಆ ಒಂದು ಶಬ್ದ ಗೊತ್ತು. ಅವರ ಪರವಾಗಿ ಹೇಳಿದೆ ಅಂದುಕೊಂಡು ಮುಂದಿನ ಸಾಲಿನಿಂದ ನನ್ನ ಕಡೆ ನೋಡಿ ನಕ್ಕರು. ಕೈ ಮುಗಿಯಲು ಹೋದರು, ಬಲಗೈ ಎದೆಯವರೆಗೆ ಬರಲಿಲ್ಲ, ಎಡಗೈ ಒಂದನ್ನೇ ಎದೆಗೆ ಇಟ್ಟುಕೊಂಡರು.

ದೂರು ಸಾಬೀತಾಗಿಲ್ಲ ಎಂದು ತೀರ್ಮಾನವಾಯಿತು. ವರದಿಯ ಸಾಲು ಹಾಗೆಯೇ ಉಳಿಯಿತು. ನಾನು ಎರಡು ಪುಟದ ಪತ್ರ ಬರೆದೆ. ಎಡಗೈ ಬಲಗೈ, ಪೂಜೆಯ ಹೂವು, ಮನೆಗೆ ಬಂದವರ ಮುಂದೆ ನೋವು ಹೇಳದಿರುವುದು, ಬಿಚ್ಚಿಟ್ಟ ಪಟ್ಟಿ, ಹಣೆಯ ಬೆವರು, ಎಲ್ಲ ಬರೆದೆ. ಸಾಂಸ್ಕೃತಿಕ ಮಾಹಿತಿಗಾಗಿ ಕೃತಜ್ಞತೆಗಳು, ಮುಂದಿನ ತರಬೇತಿಯಲ್ಲಿ ಪರಿಗಣಿಸುತ್ತೇವೆ ಎಂದು ಉತ್ತರ ಬಂತು. ಆಯೋಗ ಒಂದು ಸಲಹೆ ಅಂಗೀಕರಿಸಿತು: ಭಾರತದಿಂದ ಬರುವ ಹಿರಿಯರಿಗಾಗಿ ಅವರವರ ಭಾಷೆಯಲ್ಲಿ ಒಂದು ಕರಪತ್ರ. ಕನ್ನಡದ್ದನ್ನು ಬರೆಯಲು ನನಗೇ ಹೇಳಿದರು, ಕಣ್ಣೊರೆಸುವ ಕೆಲಸ ಎಂದು ಗೊತ್ತಿದ್ದೂ ಒಪ್ಪಿಕೊಂಡೆ.

ಅಪ್ಪನ ಮುಂದೆ ನಾನು ಹೇಳಿದ್ದು, ಸಾಕ್ಷಿ ಸಾಲಲಿಲ್ಲವಂತೆ ಎಂದಷ್ಟೇ. ಕಾಫಿಯ ಮಾತು ಎತ್ತಲಿಲ್ಲ. ಮಗಳಿಗೂ, ಅಪ್ಪನಿಗೆ ಇದೆಲ್ಲ ಹೇಳಬೇಡ, ಸುಮ್ಮನೆ ನೊಂದುಕೊಳ್ಳುತ್ತಾರೆ ಎಂದಿದ್ದೆ. ಅವರ ನೋವಿಗೆ ಹೆದರಿ ಹೇಳಿದೆನೋ, ಅವರ ಮುಖಕ್ಕೆ ಹೆದರಿ ಹೇಳಿದೆನೋ, ನನಗೇ ಗೊತ್ತಿಲ್ಲ.

ಆಗಸ್ಟಿನಲ್ಲಿ, ಅವರು ಹೊರಡುವ ಹಿಂದಿನ ದಿನ ಬೆಳಗ್ಗೆ ಹೋದೆ. ಹಾಲಿನ ತುಂಬ ಸೂಟ್‌ಕೇಸುಗಳು. ಮೊಮ್ಮಗಳು ಅವರ ಕಾಲ ಹತ್ತಿರ ಕೂತು ಸ್ಟಿಕರು ಅಂಟಿಸುತ್ತಿದ್ದಳು. ಈಗ ಅವಳು ಎತ್ತಿಕೋ ಎಂದು ಅವರನ್ನು ಕೇಳುವುದನ್ನೇ ಬಿಟ್ಟಿದ್ದಳು. ದೇವರ ಮುಂದೆ ಗ್ರೋಸರಿಯಿಂದ ತಂದ, ಪ್ಲಾಸ್ಟಿಕ್ ಸುತ್ತಿದ ಹೂವಿನ ಗೊಂಚಲು ಇತ್ತು.

"ಆ ಸಾಲ್ ಹೋತೇನ್ರಿ?" ಎಂದು ಕೇಳಿದರು.

"ಇಲ್ಲ" ಎಂದೆ. ಬರಿಗೈಯಲ್ಲಿ ಹೇಳಲಾಗದೆ ಚೀಲದಿಂದ ಕರಪತ್ರ ತೆಗೆದು ಕೊಟ್ಟೆ. ಏನೂ ಆಗಲೇ ಇಲ್ಲ ಅಂತಲ್ಲ, ನಿಮ್ಮಿಂದ ಇದಾಯಿತು, ಮುಂದೆ ಬರುವವರಿಗೆ ಉಪಯೋಗವಾಗುತ್ತದೆ ಎಂದೆ. ಅವರು ಕನ್ನಡಕ ಹಾಕಿಕೊಂಡು, ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ಓದಿದರು. ಮುಖ ಮುಚ್ಚುವ ಟೋಪಿ ಹಾಕಬೇಡಿ. ಬೇರೆಯವರ ಗಿಡದಿಂದ ಹೂವು ಕೀಳಬೇಡಿ. ಪೊಲೀಸರು ನಿಲ್ಲಿಸಿದರೆ ಕೈಯಲ್ಲಿರುವುದು ಯಾವ ಕೈಯಲ್ಲಿದೆಯೋ ಅದೇ ಕೈಯಲ್ಲಿರಲಿ. ನೋವಾಗಿದ್ದರೆ ನೋವಾಗಿದೆ ಎಂದೇ ಹೇಳಿ.

"ಛಲೋ ಬರದೀರಿ" ಎಂದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. "ಇದರಾಗ ಒಂದ ಸಾಲ್ ಬಿಟ್ಟೀರಿ ಅಕ್ಕಾರ. ಪೊಲೀಸ್ರು ಮನಿಗೆ ಬಂದ್ರ ಕಾಫಿ ಕೊಡಬ್ಯಾಡ್ರಿ ಅಂತನೂ ಬರೀರಿ."

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ನನ್ನ ಕಡೆ ನೋಡಲಿಲ್ಲ. ಅವರಿಗೆ ಎಲ್ಲ ಗೊತ್ತಿತ್ತು. ನಾನು ಯೆಸ್ ಎಂದದ್ದು ಯಾವುದಕ್ಕೆ ಎನ್ನುವುದೂ ಗೊತ್ತಿತ್ತು. ತಪ್ಪಾಯಿತು ಎಂದು ನಾನು ಹೇಳಬೇಕಿತ್ತು. ಅವರು ಯಾರ ಬಾಯಿಂದಲಾದರೂ ಕೇಳಬೇಕೆಂದು ಕಾದದ್ದು ಆ ಮಾತನ್ನೇ, ಅದನ್ನು ಹೇಳಲು ನನಗೆ ಯಾವ ವಕೀಲನ ಅಡ್ಡಿಯೂ ಇರಲಿಲ್ಲ. ಆದರೂ ಬಾಯಿ ಬರಲಿಲ್ಲ.

ಅವರು ಕರಪತ್ರವನ್ನು ಮಡಚಿ, ಎಡಗೈಯಿಂದ ನನಗೆ ವಾಪಸು ಕೊಟ್ಟರು.